ಓಟಕ್ಕೂ ಒಂದು ಪೀರಿಯಡ್: ಟೆಕ್ಸಸ್ ಹೈಸ್ಕೂಲಿನ ಹಾಳೆ ತುಂಬುವ ಮುಂಚೆ

ಪ್ರಶ್ನೆ: ಮೇಡಂ, ನಾವು ಮೈಸೂರಿನವರು. ಡಲ್ಲಸ್ ಹತ್ತಿರ ಪ್ಲೇನೊದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಬಂದು ಒಂದು ವರ್ಷವಾಯಿತು. ಮಗಳು ಈಗ 8ನೇ ಕ್ಲಾಸು, ಆಗಸ್ಟಿಗೆ ಹೈಸ್ಕೂಲು ಸೇರಬೇಕು. ಅಷ್ಟರಲ್ಲಿ ಫ್ರಿಸ್ಕೊ ಅಥವಾ ಆಲನ್ ಕಡೆ ಮನೆ ತಗೊಳ್ಳೋಣ ಅಂತಿದ್ದೇವೆ. ಶಾಲೆಯವರು ವಿಷಯಗಳನ್ನು ಆರಿಸಿಕೊಳ್ಳಲು ಹಾಳೆ ಕಳಿಸಿದ್ದಾರೆ. ಇವಳು ಊರಲ್ಲಿ ಪಿಟೀಲು ಕಲಿಯುತ್ತಿದ್ದಳು. ಈಗ ಮಾರ್ಚಿಂಗ್ ಬ್ಯಾಂಡೂ ಬೇಕು, ಕ್ರಾಸ್ ಕಂಟ್ರಿ ಓಟವೂ ಬೇಕು ಅಂತಾಳೆ. ನಮ್ಮ ಯಜಮಾನರು "ಮೊದಲು ಓದು, ಆಮೇಲೆ ಆಟ" ಅಂತಾರೆ. ಅದೂ ಅಲ್ಲದೆ ಇವೆಲ್ಲ ಸರ್ಕಾರಿ ಶಾಲೆಗಳೇ ಅಲ್ವಾ, ದುಡ್ಡು ಕೊಟ್ಟು ಖಾಸಗಿ ಶಾಲೆಗೆ ಹಾಕುವುದು ವಾಸಿಯೇ? ಫ್ರಿಸ್ಕೊ ಒಳ್ಳೆಯದೋ ಆಲನ್ ಒಳ್ಳೆಯದೋ?

ಉತ್ತರ: ಸರ್ಕಾರಿ ಶಾಲೆಯ ಅಂಜಿಕೆಯನ್ನು ಮೊದಲು ಮುಗಿಸಿಬಿಡೋಣ. ಇಲ್ಲಿನ ಪಬ್ಲಿಕ್ ಸ್ಕೂಲನ್ನು ನಡೆಸುವುದು ಊರಿನ ಸ್ಕೂಲ್ ಡಿಸ್ಟ್ರಿಕ್ಟು. ಅದರ ಬೋರ್ಡಿಗೆ ಊರಿನವರೇ ಓಟು ಹಾಕಿ ಜನರನ್ನು ಆರಿಸುತ್ತಾರೆ. ದುಡ್ಡಿನ ದೊಡ್ಡ ಪಾಲು ಮನೆ ತೆರಿಗೆಯಿಂದ ಬರುತ್ತದೆ. ಮನೆ ಕೊಂಡರೆ ಆ ತೆರಿಗೆ ನೀವೇ ಕಟ್ಟುತ್ತೀರಿ, ಬಾಡಿಗೆಗಿದ್ದರೆ ಬಾಡಿಗೆಯ ಒಳಗೇ ಅದು ಸೇರಿರುತ್ತದೆ. ಅಂದರೆ ಫೀಸು ಆಗಲೇ ಕೊಟ್ಟಾಗಿದೆ. ಡಲ್ಲಸ್ಸಿನ ಉತ್ತರದ ಉಪನಗರಗಳಿಗೆ ಜನ ಮನೆ ಹುಡುಕಿಕೊಂಡು ಬರುವುದೇ ಅಲ್ಲಿನ ಪಬ್ಲಿಕ್ ಸ್ಕೂಲಿಗಾಗಿ. ಖಾಸಗಿ ಶಾಲೆಗೆ ಹಾಕಲು ಧರ್ಮಶಿಕ್ಷಣ, ಚಿಕ್ಕ ಕ್ಲಾಸು, ಹೀಗೆ ಬೇರೆ ಕಾರಣ ಇರಬಹುದು. "ಸರ್ಕಾರಿ" ಅನ್ನುವುದೊಂದೇ ಕಾರಣ ಸಾಲದು.

ಇನ್ನು ನಿಮ್ಮ ಯಜಮಾನರ ಮಾತು. ನಮ್ಮ ಊರಿನ ಮಟ್ಟಿಗೆ ಅವರು ಹೇಳುವುದು ಸರಿ. ಅಲ್ಲಿ ಸ್ಕೂಲು ಬಿಟ್ಟ ಮೇಲೆ ಆಟ, ಅದಾದ ಮೇಲೆ ಟ್ಯೂಷನ್. ಆಟ ಜಾಸ್ತಿಯಾದರೆ ಓದಿನ ಹೊತ್ತು ಕಡಿಮೆಯಾಗುತ್ತದೆ. ಇಲ್ಲಿ ಲೆಕ್ಕ ಬೇರೆ. ಟೆಕ್ಸಸ್ಸಿನ ಹೈಸ್ಕೂಲಲ್ಲಿ ಓಟ, ಬ್ಯಾಂಡು, ಆರ್ಕೆಸ್ಟ್ರಾ, ನಾಟಕ ಎಲ್ಲವೂ ವೇಳಾಪಟ್ಟಿಯ ಒಳಗೇ ಇವೆ. ಒಂದೊಂದಕ್ಕೂ ಒಂದು ಪೀರಿಯಡ್, ಒಬ್ಬ ಮೇಷ್ಟ್ರು, ಒಂದು ಗ್ರೇಡು, ಒಂದು ಕ್ರೆಡಿಟ್ಟು. ಕ್ರೆಡಿಟ್ಟು ಅಂದರೆ ಒಂದು ವಿಷಯವನ್ನು ಒಂದು ವರ್ಷ ಓದಿ ಪಾಸಾದದ್ದಕ್ಕೆ ಸಿಗುವ ಲೆಕ್ಕ. ನಿಮಗೆ ಬಂದಿರುವ ಹಾಳೆಯಲ್ಲಿ ಬೀಜಗಣಿತದ ಕೆಳಗೇ ಆರ್ಕೆಸ್ಟ್ರಾ ಇರುತ್ತದೆ, ನೋಡಿ.

ಒಮ್ಮೆ ಕೂತು ಲೆಕ್ಕ ಹಾಕೋಣ. ಈ ಭಾಗದ ಬಹಳಷ್ಟು ಹೈಸ್ಕೂಲುಗಳಲ್ಲಿ ಎ ದಿನ, ಬಿ ದಿನ ಅಂತ ಎರಡು ಸರದಿ. ಇವತ್ತು ನಾಲ್ಕು ಕ್ಲಾಸು, ನಾಳೆ ಬೇರೆ ನಾಲ್ಕು, ಒಂದೊಂದೂ ಸುಮಾರು ಒಂದೂವರೆ ಗಂಟೆ. ವರ್ಷಕ್ಕೆ 8 ಜಾಗ, ನಾಲ್ಕು ವರ್ಷಕ್ಕೆ 32. ಎಂಡಾರ್ಸ್‌ಮೆಂಟ್ ಸಮೇತ ಪಾಸಾಗಲು ರಾಜ್ಯ ಕೇಳುವುದು 26 ಕ್ರೆಡಿಟ್ಟು. ಎಂಡಾರ್ಸ್‌ಮೆಂಟ್ ಅಂದರೆ ವಿಜ್ಞಾನ-ಗಣಿತ, ವ್ಯಾಪಾರ, ಕಲೆ ಹೀಗೆ ಒಂದು ಕಡೆಗೆ ಹೆಚ್ಚು ಒತ್ತು ಕೊಡುವುದು. ಆ 26ರಲ್ಲಿ ಇಂಗ್ಲಿಷ್ 4, ಗಣಿತ 4, ವಿಜ್ಞಾನ 4, ಸಮಾಜ 3, ಇನ್ನೊಂದು ಭಾಷೆ 2. ಒಟ್ಟು 17. 32 ಜಾಗದಲ್ಲಿ ಉಳಿದವು 15. ನಾಲ್ಕು ವರ್ಷ ಓಟ, ನಾಲ್ಕು ವರ್ಷ ಆರ್ಕೆಸ್ಟ್ರಾ ಇಟ್ಟುಕೊಂಡರೂ 8 ಹೋಗಿ ಇನ್ನೂ 7 ಇರುತ್ತವೆ. ಸಮಾಜಕ್ಕೂ ಭಾಷೆಗೂ ಒಂದೊಂದು ವರ್ಷ ಜಾಸ್ತಿ ಸೇರಿಸಿದರೂ ಐದು ಮಿಗುತ್ತವೆ. ಕಂಪ್ಯೂಟರ್ ಸೈನ್ಸಿಗೆ ಅಷ್ಟು ಸಾಕು.

ಇನ್ನೂ ಒಂದಿದೆ. ಪಿಇ, ಅಂದರೆ ವ್ಯಾಯಾಮದ್ದು ಒಂದು ಕ್ರೆಡಿಟ್ಟು ಎಲ್ಲರಿಗೂ ಕಡ್ಡಾಯ. ಲಲಿತಕಲೆಯದ್ದೂ ಒಂದು ಕಡ್ಡಾಯ. ಓಟದ ತಂಡದಲ್ಲಿದ್ದರೆ ಪಿಇ ತಾನಾಗಿಯೇ ತೀರುತ್ತದೆ, ಆರ್ಕೆಸ್ಟ್ರಾದಿಂದ ಲಲಿತಕಲೆ ತೀರುತ್ತದೆ. ಮಾರ್ಚಿಂಗ್ ಬ್ಯಾಂಡನ್ನೂ ಪಿಇ ಬದಲಿಗೆ ಲೆಕ್ಕಕ್ಕೆ ಹಿಡಿಯಲು ರಾಜ್ಯದ ನಿಯಮದಲ್ಲಿ ಅವಕಾಶವಿದೆ. ಆಗಸ್ಟಿನ ಬಿಸಿಲಲ್ಲಿ ವಾದ್ಯ ಹೊತ್ತು ನಡೆಯುವ ಮಕ್ಕಳನ್ನು ನೋಡಿದರೆ ಇದು ಯಾಕೆ ಅಂತ ಯಾರೂ ಕೇಳುವುದಿಲ್ಲ.

ಓಟ ಬಂದರೆ ಮಾರ್ಕು ಬೀಳುತ್ತೆ ಅನ್ನುವ ಭಯಕ್ಕೆ ಟೆಕ್ಸಸ್ಸಿನವರು ಕಾನೂನನ್ನೇ ಮಾಡಿದ್ದಾರೆ. ಹೆಸರು "ನೋ ಪಾಸ್, ನೋ ಪ್ಲೇ". ಪಾಸಾಗದಿದ್ದರೆ ಆಟ ಇಲ್ಲ. 1984ರ ಶಿಕ್ಷಣ ಸುಧಾರಣೆಯಲ್ಲಿ ಬಂದದ್ದು, ಆ ಸಮಿತಿಗೆ ಮುಂದಾಳು ಉದ್ಯಮಿ ರಾಸ್ ಪೆರೊ. ಒಂದೇ ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೂ ಕನಿಷ್ಠ ಮೂರು ವಾರ ಸ್ಪರ್ಧೆಗೆ ಇಳಿಯುವಂತಿಲ್ಲ. ಅಭ್ಯಾಸಕ್ಕೆ ಬರಬಹುದು, ಪಂದ್ಯಕ್ಕೆ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೆ ಪಾಸು ಕಂಡ ನಮಗೆ 70 ಅಂದರೆ ಗಾಬರಿಯೇ. ಫುಟ್‌ಬಾಲ್ ಕೋಚುಗಳು ಆಗ ಕೂಗಾಡಿದ್ದರು, ಕಾನೂನು ಮಾತ್ರ ನಿಂತಿತು. ಕಾಲೇಜು ಮಟ್ಟದ ಪಾಠ ಇರುವ ಎಪಿಯಂಥ ಕಷ್ಟದ ಕ್ಲಾಸುಗಳಿಗೆ ವಿನಾಯಿತಿ ಕೊಡುವ ಅಧಿಕಾರ ಡಿಸ್ಟ್ರಿಕ್ಟಿಗಿದೆ. ಇದರ ಜೊತೆ ಎಂಟು ಗಂಟೆ ನಿಯಮ ಅಂತ ಇನ್ನೊಂದು. ಶಾಲೆಯ ವಾರದಲ್ಲಿ, ಶಾಲೆಯ ಸಮಯದ ಹೊರಗೆ, ಒಂದು ಚಟುವಟಿಕೆಗೆ ಎಂಟು ಗಂಟೆಗಿಂತ ಜಾಸ್ತಿ ಅಭ್ಯಾಸ ಮಾಡಿಸುವಂತಿಲ್ಲ. ಎರಡು ಚಟುವಟಿಕೆ ಇದ್ದರೆ ಎರಡು ಎಂಟು ಆಗುತ್ತದೆ ಅನ್ನುವುದು ನೆನಪಿರಲಿ.

ಕ್ರಾಸ್ ಕಂಟ್ರಿ ಬಗ್ಗೆ ಕಣ್ಣು ಮುಚ್ಚಿ ಹೂಂ ಅನ್ನಿ. ಹೊಸದಾಗಿ ಬಂದ ಮಗುವಿಗೆ ಇಷ್ಟು ಸುಲಭವಾಗಿ ಬಾಗಿಲು ತೆರೆಯುವ ಆಟ ಇನ್ನೊಂದಿಲ್ಲ. ಬ್ಯಾಸ್ಕೆಟ್‌ಬಾಲಿಗೋ ವಾಲಿಬಾಲಿಗೋ ಹೋದರೆ ಆಯ್ಕೆ ನಡೆಯುತ್ತದೆ, ಹೆಸರು ಇಲ್ಲದವರು ಮನೆಗೆ. ಚಿಕ್ಕಂದಿನಿಂದ ಕ್ಲಬ್ಬಿನಲ್ಲಿ ಆಡಿದ ಮಕ್ಕಳೇ ಅಲ್ಲಿ ತುಂಬಿರುತ್ತಾರೆ. ಕ್ರಾಸ್ ಕಂಟ್ರಿಯಲ್ಲಿ ಓಡಬಲ್ಲವರಿಗೆಲ್ಲ ಸಾಮಾನ್ಯವಾಗಿ ಜಾಗ ಇದೆ. ದೊಡ್ಡ ಶಾಲೆಗಳಲ್ಲಿ ಹುಡುಗಿಯರೂ ಓಡುವುದು 5 ಕಿಲೋಮೀಟರೇ. ವಾರ್ಸಿಟಿ, ಅಂದರೆ ಶಾಲೆಯ ಮೊದಲ ದರ್ಜೆಯ ತಂಡದಲ್ಲಿ ಏಳು ಜನ ಓಡುತ್ತಾರೆ, ಮೊದಲ ಐವರ ಸ್ಥಾನವನ್ನು ಕೂಡುತ್ತಾರೆ, ಮೊತ್ತ ಕಡಿಮೆ ಬಂದ ತಂಡ ಗೆದ್ದಂತೆ. ಹಾಗಾಗಿ ಒಬ್ಬಳು ಮೊದಲು ಬಂದರೆ ಸಾಲದು, ತಂಡದ ಐದನೆಯವಳು ಎಲ್ಲಿದ್ದಾಳೆ ಅನ್ನುವುದೇ ಮುಖ್ಯ. ಮುಕ್ತಾಯದ ಗೆರೆ ಹತ್ತಿರ ಕೋಚು ಕೂಗುವುದೂ ಅವಳಿಗೇ. ಏಳರೊಳಗೆ ಬರದವರಿಗೆ ಜೆವಿ, ಅಂದರೆ ಎರಡನೇ ತಂಡದ ಓಟ ಇದ್ದೇ ಇದೆ. ಅಡಚಣೆ ಒಂದೇ. ಆಗಸ್ಟಿನಲ್ಲಿ ಇಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ, ಅದಕ್ಕೇ ಅಭ್ಯಾಸ ಸೂರ್ಯ ಹುಟ್ಟುವ ಹೊತ್ತಿಗೆ. ಕಾರಿನಲ್ಲಿ ಬಿಟ್ಟುಬರುವವರು ಯಾರು ಅಂತ ಗಂಡ-ಹೆಂಡತಿ ಈಗಲೇ ಮಾತಾಡಿಕೊಳ್ಳಿ.

ಕ್ರಿಕೆಟ್ ಬಗ್ಗೆ ಕೇಳದಿದ್ದರೂ ಎಲ್ಲ ಅಪ್ಪಂದಿರೂ ಕೇಳುತ್ತಾರೆ. ಶಾಲಾ ಸ್ಪರ್ಧೆಗಳನ್ನು ನಡೆಸುವ ಯುಐಎಲ್ ಪಟ್ಟಿಯಲ್ಲಿ ಅದಿಲ್ಲ.

ಬ್ಯಾಂಡಿಗೆ ಬಂದರೆ ನನ್ನ ಉತ್ತರ ಅಷ್ಟು ಸಿಹಿಯಾಗಿಲ್ಲ. ಇಲ್ಲಿ ಮಕ್ಕಳು ಬ್ಯಾಂಡು ಶುರು ಮಾಡುವುದು 6ನೇ ಕ್ಲಾಸಿನಲ್ಲಿ. ಆಗಲೇ ಕ್ಲಾರಿನೆಟ್ಟೋ ಟ್ರಂಪೆಟ್ಟೋ ಕೈಗೆ ಬಂದಿರುತ್ತದೆ. 9ನೇ ಕ್ಲಾಸಿಗೆ ಬರುವಾಗ ಮೂರು ವರ್ಷದ ಪಾಠ ಮುಗಿದಿರುತ್ತದೆ. ಬ್ಯಾಂಡಿನಲ್ಲಿ ಪಿಟೀಲು ಇಲ್ಲವೇ ಇಲ್ಲ. ಊದುವ ವಾದ್ಯ ಮತ್ತು ತಾಳವಾದ್ಯ ಅಷ್ಟೇ. ಹೊಸಬರಿಗೆ ಸಿಗಬಹುದಾದ ಜಾಗ ಕಲರ್ ಗಾರ್ಡ್, ಅಂದರೆ ಬ್ಯಾಂಡಿನ ಜೊತೆ ಬಾವುಟ ಬೀಸುತ್ತಾ ಕುಣಿಯುವ ತಂಡ. ನಿಮ್ಮ ಮಗಳಿಗೆ ಆ ಮೈದಾನ, ಆ ಸಮವಸ್ತ್ರ, ಶುಕ್ರವಾರ ರಾತ್ರಿಯ ಫುಟ್‌ಬಾಲ್ ಪಂದ್ಯದ ಸಡಗರ ಬೇಕಿದ್ದರೆ ಅದನ್ನು ಕೇಳಿ ನೋಡಲಿ. ಆದರೆ ಮಾರ್ಚಿಂಗ್ ಸೀಸನ್ನು, ಕ್ರಾಸ್ ಕಂಟ್ರಿ ಸೀಸನ್ನು ಎರಡೂ ಆಗಸ್ಟಿನಿಂದ ನವೆಂಬರಿನವರೆಗೆ. ಎರಡೂ ಬೆಳಗ್ಗೆಯೇ. ಶನಿವಾರ ಒಂದು ಕಡೆ ಓಟ, ಇನ್ನೊಂದು ಕಡೆ ಬ್ಯಾಂಡ್ ಸ್ಪರ್ಧೆ. ಎರಡನ್ನೂ ಎಳೆಯುವ ಮಕ್ಕಳು ಇಲ್ಲವೆಂದಲ್ಲ, ಕೋಚೂ ಬ್ಯಾಂಡ್ ಡೈರೆಕ್ಟರೂ ಒಪ್ಪಬೇಕು, ಮಗು ನಿದ್ದೆಗೆಡಬೇಕು. ಮೊದಲ ವರ್ಷಕ್ಕೆ ನಾನು ಬೇಡ ಅನ್ನುತ್ತೇನೆ.

ಅದರ ಬದಲು ಆರ್ಕೆಸ್ಟ್ರಾ. ಪಿಟೀಲು ಚೌಡಯ್ಯನವರ ಸೀಮೆಯಿಂದ ಬಂದವಳು, ಬಿಲ್ಲು ಹಿಡಿದ ಕೈ ಅವಳದ್ದು. ಕಿವಿ ತಯಾರಾಗಿದೆ. ಮೊದಲಿನಿಂದ ಕಲಿಯಬೇಕಾದದ್ದೂ ಇದೆ. ನಮ್ಮಲ್ಲಿ ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ ನುಡಿಸುತ್ತಾರೆ. ಇಲ್ಲಿ ಕುರ್ಚಿ, ವಾದ್ಯ ಗದ್ದದ ಕೆಳಗೆ. ನಮ್ಮ ತಂತಿಗಳು ಸ-ಪ-ಸ-ಪ ಶ್ರುತಿಯಲ್ಲಿ, ಅವರದ್ದು ಒಂದೊಂದು ತಂತಿಗೂ ಐದೈದು ಸ್ವರ ಮೇಲೇರುವ ಕ್ರಮದಲ್ಲಿ. ಎಲ್ಲಕ್ಕಿಂತ ಕಷ್ಟ ಅಂದರೆ ಎದುರಿಗಿರುವ ಸ್ವರಲಿಪಿಯ ಹಾಳೆ. ಗುರುಗಳು ಹಾಡಿದ್ದನ್ನು ಕೇಳಿ ನುಡಿಸಿ ಅಭ್ಯಾಸವಾದ ಮಕ್ಕಳು ಇಲ್ಲಿ ಮೊದಲ ತಿಂಗಳು ತಡವರಿಸುತ್ತಾರೆ. ಜೂನ್-ಜುಲೈನಲ್ಲಿ ಒಬ್ಬ ಸ್ಥಳೀಯ ಮೇಷ್ಟ್ರ ಹತ್ತಿರ ಹಾಳೆ ಓದುವುದನ್ನು ಕಲಿತುಕೊಂಡರೆ ಸಾಕು. ಆಡಿಷನ್ ನೋಡಿ ಮಟ್ಟ ಹಾಕುತ್ತಾರೆ, ಸಾಮಾನ್ಯವಾಗಿ ವಸಂತದಲ್ಲಿ. ಮನೆ ಬದಲಾಗುವ ಮುಂಚೆಯೇ ಹೊಸ ಶಾಲೆಯ ಆರ್ಕೆಸ್ಟ್ರಾ ಡೈರೆಕ್ಟರಿಗೆ ಒಂದು ಇಮೇಲ್ ಹಾಕಿ. ಇಲ್ಲಿ ಹಾಗೆ ಬರೆಯುವುದು ಸಾಮಾನ್ಯ, ಸಂಕೋಚ ಬೇಡ.

ಈಗ ಗಣಿತ. ನಾನು ಈ ಹಾಳೆಯಲ್ಲಿ ಮೊದಲು ನೋಡುವ ಸಾಲು ಇದೇ. ಇಲ್ಲಿ ಗಣಿತ ಎಲ್ಲರಿಗೂ ಒಂದೇ ಅಲ್ಲ, ಮೆಟ್ಟಿಲುಗಳಿವೆ: ಆಲ್ಜೀಬ್ರಾ 1, ಜಿಯಾಮೆಟ್ರಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್. ಮಗಳು 8ರಲ್ಲಿ ಆಲ್ಜೀಬ್ರಾ 1 ಓದುತ್ತಿದ್ದರೆ 12ಕ್ಕೆ ಸರಿಯಾಗಿ ಎಪಿ ಕ್ಯಾಲ್ಕುಲಸ್ ಸಿಗುತ್ತದೆ. ಸಾಮಾನ್ಯ 8ನೇ ಗಣಿತದಲ್ಲಿದ್ದರೆ 12ರಲ್ಲಿ ಪ್ರಿಕ್ಯಾಲ್ಕುಲಸ್‌ಗೇ ನಿಲ್ಲುತ್ತಾಳೆ. ಇಂಜಿನಿಯರಿಂಗ್ ಬೇಕು ಅನ್ನುವವರಿಗೆ ಇದು ಅನನುಕೂಲ. ವರ್ಷದ ಮಧ್ಯೆ ಊರಿಂದ ಬಂದ ಮಕ್ಕಳನ್ನು ಎಷ್ಟೋ ಸಲ ಸುಮ್ನೆ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿರುತ್ತಾರೆ, ಅವರಿಗೆ ವಿಷಯ ಗೊತ್ತಿದ್ದರೂ. ಇದಕ್ಕೆ ದಾರಿ "ಕ್ರೆಡಿಟ್ ಬೈ ಎಕ್ಸಾಮ್". ಕ್ಲಾಸಿಗೆ ಹೋಗದೆ ಪರೀಕ್ಷೆ ಬರೆದು 80 ತೆಗೆದರೆ ಆ ವಿಷಯದ ಕ್ರೆಡಿಟ್ಟು ಸಿಗುತ್ತದೆ, ರಾಜ್ಯದ ಕಾನೂನೇ ಹಾಗಿದೆ. ದಿನಾಂಕಗಳು ಡಿಸ್ಟ್ರಿಕ್ಟಿನಲ್ಲಿ ಮೊದಲೇ ಗೊತ್ತಾಗಿರುತ್ತವೆ, ನೋಂದಣಿ ತಪ್ಪಿದರೆ ಮುಂದಿನ ಸರದಿಗೆ ಕಾಯಬೇಕು. ಕೌನ್ಸಿಲರ್, ಅಂದರೆ ವಿಷಯ ಆರಿಸಲು ನೆರವಾಗುವ ಶಾಲೆಯ ಸಲಹೆಗಾರರು, ತಾವಾಗಿ ಹೇಳುವುದಿಲ್ಲ. ಒಬ್ಬೊಬ್ಬರ ಕೈಲಿ ನೂರಾರು ಮಕ್ಕಳಿರುತ್ತಾರೆ. ನೀವೇ ಕೇಳಬೇಕು.

ರ‍್ಯಾಂಕಿನ ವಿಷಯ ಸ್ವಲ್ಪ ಉದ್ದ, ತಾಳ್ಮೆಯಿಂದ ಓದಿ. ಟೆಕ್ಸಸ್ಸಿನಲ್ಲಿ 1997ರಿಂದ ಒಂದು ಕಾನೂನಿದೆ. ತನ್ನ ಹೈಸ್ಕೂಲಿನ ತರಗತಿಯಲ್ಲಿ ಮೊದಲ 10 ಪ್ರತಿಶತದೊಳಗೆ ಬಂದ ವಿದ್ಯಾರ್ಥಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಮಾತ್ರ ನೂಕುನುಗ್ಗಲು ಜಾಸ್ತಿಯಾಗಿ ಮಿತಿ ಬಿಗಿ ಮಾಡಿದರು. 2026ರ ಪ್ರವೇಶದಿಂದ ಅಲ್ಲಿ ಮೊದಲ 5 ಪ್ರತಿಶತ. ಗಮನಿಸಿ, ಹೋಲಿಕೆ ರಾಜ್ಯದ ಮಕ್ಕಳ ಜೊತೆಗಲ್ಲ, ಪಕ್ಕದ ಬೆಂಚಿನವರ ಜೊತೆ. ಓದುವ ಮಕ್ಕಳೇ ತುಂಬಿದ ಶಾಲೆಗೆ ನೀವು ಮನೆ ಕೊಂಡರೆ, ಪಾಠವೂ ಸ್ನೇಹವೂ ಚೆನ್ನಾಗಿ ಸಿಗುತ್ತದೆ, 5 ಪ್ರತಿಶತ ಮಾತ್ರ ದೂರ ಹೋಗುತ್ತದೆ. ಮನೆ ತೋರಿಸುವ ಏಜೆಂಟ್ ಶಾಲೆಗೆ 10ಕ್ಕೆ 10 ಅಂಕ ಅಂತ ಹೇಳುವಾಗ ಇದನ್ನು ಹೇಳುವುದಿಲ್ಲ.

ಇನ್ನು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ. ರ‍್ಯಾಂಕು ನಿಂತಿರುವುದು ಇದರ ಮೇಲೆ. ಇಲ್ಲಿ ಕಷ್ಟದ ಕ್ಲಾಸಿಗೆ ಹೆಚ್ಚು ತೂಕ. ಎಪಿಗೆ ಗರಿಷ್ಠ 6, ಸಾಮಾನ್ಯ ಕ್ಲಾಸಿಗೆ 5 ಅಂತ ಇಟ್ಟುಕೊಳ್ಳಿ. ಎಂಟು ಕ್ಲಾಸಿನಲ್ಲಿ ಆರು ಎಪಿ, ಜೊತೆಗೆ ಓಟ, ಆರ್ಕೆಸ್ಟ್ರಾ ಇಟ್ಟುಕೊಂಡು ಎಲ್ಲದರಲ್ಲೂ ಗರಿಷ್ಠ ತೆಗೆದವಳಿಗೆ 5.75. ಓಟ ಬಿಟ್ಟು ಏಳನೇ ಎಪಿ ತಗೊಂಡವಳಿಗೆ 5.875. ನೂರಕ್ಕೆ ನೂರು ತೆಗೆದರೂ ಓಡಿದವಳು ಹಿಂದೆ! ಈ ಲೆಕ್ಕ ತಿಳಿದ ದಿನವೇ ನಮ್ಮವರು ಮಕ್ಕಳಿಂದ ಪಿಟೀಲು ಬಿಡಿಸುತ್ತಾರೆ.

ಬಿಡಿಸುವ ಮುಂಚೆ ಎರಡು ಕೆಲಸ ಮಾಡಿ. ಮೊದಲು, ಆ ಡಿಸ್ಟ್ರಿಕ್ಟಿನ ಹ್ಯಾಂಡ್‌ಬುಕ್ಕಿನಲ್ಲಿ ರ‍್ಯಾಂಕಿಗೆ ಯಾವ ಕ್ಲಾಸುಗಳನ್ನು ಹಿಡಿಯುತ್ತಾರೆ ಅಂತ ಓದಿ. ಒಂದೊಂದು ಕಡೆ ಒಂದೊಂದು ನಿಯಮ. ಕೆಲವು ಕಡೆ ಮುಖ್ಯ ವಿಷಯಗಳು ಮಾತ್ರ ಲೆಕ್ಕಕ್ಕೆ, ಹಾಗಿದ್ದರೆ ಮೇಲಿನ ಭಯವೇ ಇಲ್ಲ. ಎರಡನೆಯದು, ನೇರ ಪ್ರವೇಶ ಅಂದರೆ ವಿಶ್ವವಿದ್ಯಾಲಯಕ್ಕೆ ಪ್ರವೇಶ, ಬೇಕಾದ ವಿಭಾಗಕ್ಕಲ್ಲ. ಆಸ್ಟಿನ್ನಿನಲ್ಲಿ ಕಂಪ್ಯೂಟರ್ ಸೈನ್ಸ್ ಬೇಕು ಅಂದರೆ ಮೊದಲ 5 ಪ್ರತಿಶತದವರೂ ಪ್ರಬಂಧ ಬರೆದು, ಚಟುವಟಿಕೆಗಳ ಪಟ್ಟಿ ಕೊಟ್ಟು ಸ್ಪರ್ಧಿಸಬೇಕು. ಆ ಪಟ್ಟಿಯಲ್ಲಿ ನಾಲ್ಕು ವರ್ಷ ಬಿಡದೆ ಓಡಿದ್ದು, ನಾಲ್ಕು ವರ್ಷ ನುಡಿಸಿದ್ದು ಕಾಣುತ್ತದೆ. 11ನೇ ಕ್ಲಾಸಿನಲ್ಲಿ ಗಡಿಬಿಡಿಯಿಂದ ಸೇರಿದ ಹತ್ತು ಕ್ಲಬ್ಬುಗಳೂ ಕಾಣುತ್ತವೆ, ಬೇರೆ ರೀತಿಯಲ್ಲಿ. ಏಳನೇ ಎಪಿಗಾಗಿ ಓಟ ಬಿಡಿಸುವುದು ನನ್ನ ಪ್ರಕಾರ ನಷ್ಟದ ವ್ಯಾಪಾರ. ಓಟದಿಂದ ಸ್ಕಾಲರ್‌ಶಿಪ್ ಬರುತ್ತೆ ಅಂತ ಲೆಕ್ಕ ಹಾಕುವುದೂ ಅಷ್ಟೇ. ಹಾರ್ವರ್ಡ್, ಯೇಲ್ ಥರದ ಐವಿ ಲೀಗ್ ಕಾಲೇಜುಗಳು ಆಟಕ್ಕೆ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ.

ಇನ್ನು ಊರಿನ ಆಯ್ಕೆ. ಶಾಲೆಯ ಗಾತ್ರದ ವಿಷಯದಲ್ಲಿ ಫ್ರಿಸ್ಕೊ ಮತ್ತು ಆಲನ್ ಎರಡು ತುದಿಗಳು. ಆಲನ್ ಊರಿಗೆಲ್ಲ ಮುಖ್ಯ ಹೈಸ್ಕೂಲು ಒಂದೇ, ಮಕ್ಕಳು ಸಾವಿರಗಟ್ಟಲೆ. 2012ರಲ್ಲಿ ಅವರು 18 ಸಾವಿರ ಸೀಟಿನ ಫುಟ್‌ಬಾಲ್ ಮೈದಾನ ಕಟ್ಟಿದರು, ಖರ್ಚು ಸುಮಾರು 6 ಕೋಟಿ ಡಾಲರ್. ಎರಡೇ ವರ್ಷಕ್ಕೆ ಕಾಂಕ್ರೀಟಿನಲ್ಲಿ ಬಿರುಕು ಕಂಡು ಮುಚ್ಚಿದರು, ರಿಪೇರಿ ಮಾಡಿ 2015ರಲ್ಲಿ ತೆರೆದರು. ದೇಶದ ಅತಿ ದೊಡ್ಡ ಹೈಸ್ಕೂಲು ಬ್ಯಾಂಡುಗಳಲ್ಲಿ ಅವರದ್ದೂ ಒಂದು. ಅಮೆರಿಕದ ಫುಟ್‌ಬಾಲಿನ ಕೈಲರ್ ಮರ್ರೆ ಆಡಿದ ಶಾಲೆ ಅದು. ಊರಿಗೇ ಒಂದು ಶಾಲೆ ಅನ್ನುವ ಸಡಗರ ಬೇಕಿದ್ದರೆ ಆಲನ್. ವಿಷಯಗಳ ಆಯ್ಕೆಯೂ ದೊಡ್ಡ ಶಾಲೆಯಲ್ಲಿ ಸಹಜವಾಗಿ ಜಾಸ್ತಿ. ಆದರೆ ವಾರ್ಸಿಟಿಯ ಏಳು ಜಾಗಕ್ಕೆ ಅಷ್ಟೂ ಹುಡುಗಿಯರು ಓಡುತ್ತಾರೆ.

ಫ್ರಿಸ್ಕೊದವರು ಬೇಕಂತಲೇ ಉಲ್ಟಾ ದಾರಿ ಹಿಡಿದರು. ಊರು ಬೆಳೆದಂತೆ ಒಂದೇ ಶಾಲೆಯನ್ನು ಹಿಗ್ಗಿಸಲಿಲ್ಲ, ಸುಮಾರು ಎರಡು ಸಾವಿರ ಮಕ್ಕಳಿಗೆ ಒಂದರಂತೆ ಹೊಸ ಹೊಸ ಶಾಲೆ ಕಟ್ಟುತ್ತಾ ಹೋದರು. ಈಗ 12 ಹೈಸ್ಕೂಲುಗಳಿವೆ. ಅಂದರೆ 12 ಓಟದ ತಂಡ, 12 ಆರ್ಕೆಸ್ಟ್ರಾ, 12 ನಾಟಕ. ಹೆಚ್ಚು ಮಕ್ಕಳಿಗೆ ವೇದಿಕೆ ಸಿಗಲಿ ಅನ್ನುವುದೇ ಅವರ ವಾದ. ಫುಟ್‌ಬಾಲಿಗೆ ಡಲ್ಲಸ್ ಕೌಬಾಯ್ಸ್ ತಂಡದ ಒಳಾಂಗಣ ಮೈದಾನವನ್ನು ಹಂಚಿಕೊಂಡಿದ್ದಾರೆ, ಅಲ್ಲಿ 12 ಸಾವಿರ ಸೀಟು. ಇದಲ್ಲದೆ 2008ರಲ್ಲಿ ಶುರುವಾದ ಒಂದು ವೃತ್ತಿಶಿಕ್ಷಣ ಕೇಂದ್ರವಿದೆ. ಎಲ್ಲ ಹೈಸ್ಕೂಲುಗಳಿಂದ ಮಕ್ಕಳು ಬಸ್ಸಿನಲ್ಲಿ ಹೋಗಿ ಪಶುವೈದ್ಯ, ಅಡುಗೆ, ವಾಸ್ತುಶಿಲ್ಪದಂಥವನ್ನು ಕಲಿತು ಬರುತ್ತಾರೆ. ನಿಮ್ಮ ಮಗಳಿಗೆ, ಈಗಷ್ಟೇ ಬಂದವಳಿಗೆ, ನನ್ನ ಓಟು ಫ್ರಿಸ್ಕೊಗೆ. ಚಿಕ್ಕ ಶಾಲೆಯಲ್ಲಿ ಹೆಸರು ಬೇಗ ಗೊತ್ತಾಗುತ್ತದೆ.

ಮನೆ ನೋಡುವಾಗ ಒಂದು ಎಚ್ಚರ. ಊರಿನ ಗಡಿ ಬೇರೆ, ಡಿಸ್ಟ್ರಿಕ್ಟಿನ ಗಡಿ ಬೇರೆ. ಪ್ಲೇನೊ ವಿಳಾಸದ ಕೆಲವು ಮನೆಗಳು ಫ್ರಿಸ್ಕೊ ಡಿಸ್ಟ್ರಿಕ್ಟಿಗೆ ಸೇರಿವೆ. ಮನೆ ನಂಬರು ಹಾಕಿ ಡಿಸ್ಟ್ರಿಕ್ಟಿನ ಜಾಲತಾಣದಲ್ಲೇ ನೋಡಿ, ಏಜೆಂಟ್ ಮಾತು ನಂಬಬೇಡಿ. ಗಡಿಗಳು ಆಗಾಗ ಬದಲಾಗುವುದೂ ಉಂಟು. ಪ್ಲೇನೊ ಡಿಸ್ಟ್ರಿಕ್ಟಿನಲ್ಲೇ ಉಳಿದರೆ ಅದೂ ತಪ್ಪಲ್ಲ. ಅಲ್ಲಿ 9-10ಕ್ಕೆ ಒಂದು ಶಾಲೆ, 11-12ಕ್ಕೆ ಸೀನಿಯರ್ ಹೈ ಅಂತ ಇನ್ನೊಂದು, ಅಷ್ಟೇ ವ್ಯತ್ಯಾಸ.

ಕ್ಲಬ್ಬುಗಳ ಬಗ್ಗೆ ಹೆಚ್ಚು ಹೇಳಲಾರೆ. ಡಿಬೇಟು, ರೋಬೋಟಿಕ್ಸು ಎಲ್ಲ ಇವೆ, ಅವಳೇ ಹುಡುಕಿಕೊಳ್ಳುತ್ತಾಳೆ. ಒಂದನ್ನು ಮಾತ್ರ ಹೇಳಿ ನೋಡಿ: ಯುಐಎಲ್ ನಡೆಸುವ "ನಂಬರ್ ಸೆನ್ಸ್". ಹತ್ತು ನಿಮಿಷ, 80 ಬಾಯಿಲೆಕ್ಕ. ಬದಿಯಲ್ಲಿ ಗೀಚುವಂತಿಲ್ಲ, ಬರೆದ ಉತ್ತರವನ್ನು ತಿದ್ದುವಂತಿಲ್ಲ. ಹತ್ತನೆಯದು, ಇಪ್ಪತ್ತನೆಯದು ಹೀಗೆ ಪ್ರತಿ ಹತ್ತಕ್ಕೊಂದು ಅಂದಾಜಿನ ಲೆಕ್ಕ, 5 ಪ್ರತಿಶತದೊಳಗೆ ಬಂದರೆ ಸರಿ. ಅಜ್ಜಿ ಬಾಯಿಪಾಠ ಮಾಡಿಸಿದ ಮಗ್ಗಿಗೆ ಇಲ್ಲಿ ಬೆಲೆ ಇದೆ.

ಅಕ್ಟೋಬರ್ ಹೊತ್ತಿಗೆ ಹಳೆ ವಿದ್ಯಾರ್ಥಿಗಳನ್ನೂ ಕರೆಯುವ ಶಾಲೆಯ ಹಬ್ಬ, ಹೋಮ್‌ಕಮಿಂಗ್ ಬರುತ್ತದೆ. ಅಂಗೈಗಿಂತ ದೊಡ್ಡದಾದ ಬಟ್ಟೆಯ ಸೇವಂತಿಗೆ, ಅದರಿಂದ ಮೊಣಕಾಲಿನವರೆಗೆ ಇಳಿಬಿದ್ದ ರಿಬ್ಬನ್ನು, ಪುಟ್ಟ ಗಂಟೆಗಳು. ಹುಡುಗಿಯರು ಅದನ್ನು ಕೊರಳಿಗೆ ಹಾಕಿಕೊಂಡು ಗಲಗಲ ಅಂತ ಕ್ಲಾಸಿಗೆ ಬರುತ್ತಾರೆ. ಟೆಕ್ಸಸ್ಸಿನ ಹುಚ್ಚು ಇದು. ಅಂಗಡಿಯಲ್ಲಿ ನೂರಾರು ಡಾಲರ್ ಕೇಳುತ್ತಾರೆ. ಸಾಮಾನು ತಂದು ಮನೆಯಲ್ಲೇ ಮಾಡಿ, ಹೂ ಕಟ್ಟಿದ ಕೈಗೆ ಅದೇನು ದೊಡ್ಡದಲ್ಲ.

ಕೊನೆಯದಾಗಿ ಕಾಗದಪತ್ರ. ಆಟಕ್ಕೆ ಸೇರುವ ಮುಂಚೆ ವೈದ್ಯರ ಸಹಿ ಇರುವ ಫಿಸಿಕಲ್, ಅಂದರೆ ದೇಹ ತಪಾಸಣೆಯ ಫಾರಂ ಬೇಕು. ಅದಿಲ್ಲದೆ ಮೊದಲ ದಿನದ ಅಭ್ಯಾಸಕ್ಕೂ ಬಿಡುವುದಿಲ್ಲ. ಎಷ್ಟೋ ಶಾಲೆಗಳು ವಸಂತದಲ್ಲಿ ಒಂದು ಸಂಜೆ ವೈದ್ಯರನ್ನು ಕರೆಸಿ ಕಡಿಮೆ ದುಡ್ಡಿಗೆ ಮಾಡಿಸುತ್ತವೆ. ಮನೆ ಬದಲಾಯಿಸುವ ಗದ್ದಲದಲ್ಲಿ ಇದೇ ತಪ್ಪಿಹೋಗುವುದು. ಈಗಿನ ಶಾಲೆಯಲ್ಲಿ ಆಡಿದ್ದರೆ ಹಳೆ ಶಾಲೆಯಲ್ಲಿ ಆಡಿದ ವಿವರದ ಫಾರಂ ಕೂಡ ಕೇಳುತ್ತಾರೆ. ಮನೆಯವರೆಲ್ಲ ಸೇರಿ ನಿಜವಾಗಿ ಮನೆ ಬದಲಾಯಿಸಿದವರಿಗೆ ತೊಂದರೆಯಿಲ್ಲ, ಒಳ್ಳೆ ತಂಡ ಹುಡುಕಿಕೊಂಡು ಶಾಲೆ ಬದಲಾಯಿಸಿದವರಿಗೆ ವಾರ್ಸಿಟಿ ಒಂದು ವರ್ಷ ಬಂದ್. ಜೊತೆಗೆ ಹಠಾತ್ ಹೃದಯಸ್ತಂಭನದ, ಅಂದರೆ ಹೃದಯ ಇದ್ದಕ್ಕಿದ್ದಂತೆ ನಿಂತುಹೋಗುವುದರ ಬಗ್ಗೆ ಒಂದು ಹಾಳೆ ಸಹಿಗೆ ಬರುತ್ತದೆ. ಅದರಲ್ಲಿ ಇಸಿಜಿ ಮಾಡಿಸಿಕೊಳ್ಳಬಹುದು ಅಂತ ಬರೆದಿರುತ್ತದೆ, 2019ರ ಕಾನೂನಿನಿಂದ ಬಂದದ್ದು. ಖರ್ಚು ನಿಮ್ಮದು, ಕಡ್ಡಾಯವಲ್ಲ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹೃದಯದ ತೊಂದರೆಯಿಂದ ಹೋಗಿದ್ದರೆ ಓದದೆ ಸಹಿ ಹಾಕಬೇಡಿ, ವೈದ್ಯರಿಗೆ ಹೇಳಿ, ಇಸಿಜಿ ಮಾಡಿಸಿ.